ಸೌಂದರ್ಯಪ್ರಜ್ಞೆ ಸಾಕು, ತೂತಿನ ಬಗ್ಗೆ ಬರೆಯಿರಿ

ನಮಸ್ಕಾರ,

ಆದಿಮಾನವರ ಮೂಳೆಯ ಒಡವೆಗಳ ಕುರಿತು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ.

ಮೊದಲ ಎರಡು ಪುಟ ಬರೀ ‘ಸೌಂದರ್ಯಪ್ರಜ್ಞೆ’, ‘ಅಲಂಕಾರದ ಹಂಬಲ’. ಒಂದು ಒಡವೆ ಕಣ್ಣಿಗೆ ಬೀಳಲು ಮೂರನೇ ಪುಟದವರೆಗೆ ಕಾಯಬೇಕು. ಅಲ್ಲೂ ಬೇಟೆಗಾರನೊಬ್ಬ ಜಿಂಕೆಯ ಹಲ್ಲು ಪೋಣಿಸಿ ಹೆಂಡತಿಯ ಕೊರಳಿಗೆ ಹಾಕುತ್ತಾನೆ. ಸಿನಿಮಾಕ್ಕೆ ಚೆನ್ನ. ಪೋಣಿಸಿದ್ದು ಗಂಡಸೇ ಅಂತ ನಿಮಗೆ ಹೇಳಿದವರು ಯಾರು?

ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ತೂತು ಕೊರೆದ ಜಿಂಕೆ ಹಲ್ಲೊಂದು ಸಿಕ್ಕಿದೆ. 19,000ದಿಂದ 25,000 ವರ್ಷ ಹಳೆಯದು. ತಮ್ಮ ಡಿಎನ್‌ಎ ಅಂಟದಿರಲೆಂದು ಅಗೆದವರು ಕೈಗವಸು ಹಾಕಿಕೊಂಡೇ ಎತ್ತಿದ್ದರು. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಅದನ್ನು ಕೊರೆಯಲಿಲ್ಲ, ಪುಡಿ ಮಾಡಲಿಲ್ಲ. ದ್ರಾವಣದಲ್ಲಿ ಮುಳುಗಿಸಿ, ಹಂತಹಂತವಾಗಿ 90 ಡಿಗ್ರಿವರೆಗೆ ಬಿಸಿ ಮಾಡಿದರು. ಜಿಂಕೆಯ ಡಿಎನ್‌ಎ ಜೊತೆಗೆ ಒಬ್ಬ ಹೆಂಗಸಿನ ಡಿಎನ್‌ಎ ಕೂಡ ಹೊರಬಂತು! ಮಾಡಿದವಳೋ, ತೊಟ್ಟವಳೋ, ಅಷ್ಟು ಮಾತ್ರ ತಿಳಿಯದು. 2023ರಲ್ಲಿ ಪ್ರಕಟವಾದ ಸಂಗತಿ ಇದು. ನಿಮ್ಮ ದೃಶ್ಯಕ್ಕಿಂತ ಇದೇ ಜಾಸ್ತಿ ಹಿಡಿದು ಓದಿಸುತ್ತದೆ, ಅಲ್ವಾ?

ಇನ್ನು ಹಲ್ಲು, ದಂತ, ಕೊಂಬು ಎಲ್ಲವನ್ನೂ ಮೂಳೆ ಅಂತ ಒಂದೇ ಮೂಟೆಗೆ ತುಂಬಿದ್ದೀರಿ. ಕೆಲಸ ಮಾಡುವ ಕೈಗೆ ಇವೆಲ್ಲ ಬೇರೆ ಬೇರೆ. ಹಕ್ಕಿಯ ಉದ್ದ ಮೂಳೆ ಒಳಗೆ ಟೊಳ್ಳು. ಚೂಪು ಕಲ್ಲಿನಿಂದ ಸುತ್ತ ಗೀರಿ, ಮುರಿದು, ಅಂಚು ತಿಕ್ಕಿದರೆ ಮಣಿ ಸಿದ್ಧ. ಹಲ್ಲು ಹಾಗಲ್ಲ. ಮೇಲಿನ ಹೊಳೆಯುವ ಪದರ, ಎನಾಮಲ್, ತುಂಬಾ ಗಟ್ಟಿ. ಅದಕ್ಕೇ ಬೇರಿನ ಕಡೆ ಕೆರೆದು ತೆಳ್ಳಗೆ ಮಾಡಿ, ಎರಡೂ ಬದಿಯಿಂದ ಕೊರೆಯುತ್ತಿದ್ದರು. ಹಾಗೆ ಕೊರೆದ ತೂತು ಹೊರಗೆ ಅಗಲ, ನಡುವೆ ಕಿರಿದು. ಅದರ ಅಂಚಿನಲ್ಲಿ ದಾರ ಉಜ್ಜಿದ ಜಾಗ ನುಣ್ಣಗೆ ಸವೆದಿದ್ದರೆ, ಯಾರೋ ತೊಟ್ಟಿದ್ದರು ಅನ್ನಬಹುದು. ಸುಮ್ನೆ ತೂತಿದ್ದರೆ ಸಾಲದು. ಕತ್ತೆಕಿರುಬ ಕಚ್ಚಿದರೂ ಮೂಳೆ ತೂತಾಗುತ್ತದೆ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

‘ನಿಯಾಂಡರ್ತಾಲರಿಗೆ ಒಡವೆ ಗೊತ್ತಿರಲಿಲ್ಲ’ ಎಂಬ ವಾಕ್ಯ ತೆಗೆಯಿರಿ. ಕ್ರೊಯೇಷಿಯಾದ ಕ್ರಾಪಿನಾದಲ್ಲಿ, ಅಳಿದುಹೋದ ಆ ಮಾನವ ಬಳಗದ ಕಾಲದ ಎಂಟು ಹದ್ದಿನುಗುರು ಸಿಕ್ಕಿವೆ, ಸುಮಾರು 1,30,000 ವರ್ಷ ಹಿಂದಿನವು. ಕೊಯ್ದ ಗುರುತು, ಉಜ್ಜಿದ ಹೊಳಪು ಎರಡೂ ಇವೆ. ಅಗೆದು ನೂರು ವರ್ಷ ಕಳೆದ ಮೇಲಷ್ಟೇ ಅವನ್ನು ಒಡವೆ ಎಂದು ಗುರುತಿಸಿದರು.

ನಿಮ್ಮ ಲೇಖನದ ಅತಿ ಒಳ್ಳೆಯ ವಿಷಯಕ್ಕೆ ನೀವು ಕೊಟ್ಟಿದ್ದು ಅರ್ಧ ಸಾಲು. ರಷ್ಯಾದ ಸುಂಗೀರ್ ಸಮಾಧಿಗಳು. ಆನೆಯ ಅಳಿದ ಬಂಧು ಮ್ಯಾಮತ್‌ನ ದಂತದ 13,000ಕ್ಕೂ ಹೆಚ್ಚು ಮಣಿಗಳು. ಮಾಡಿ ನೋಡಿದವರ ಲೆಕ್ಕದಲ್ಲಿ ಒಂದಕ್ಕೆ ಸುಮಾರು ಒಂದು ಗಂಟೆ. ಅದರಲ್ಲಿ ಬಹುಪಾಲು ಇಬ್ಬರು ಮಕ್ಕಳ ಮೈಮೇಲೆ. ಹೆಚ್ಚು ಕಾಲ ಬದುಕಿರದ ಮಕ್ಕಳಿಗೆ ಇಷ್ಟು ದುಡಿಮೆ ಯಾಕೆ? ಅಲ್ಲಿಂದಲೇ ಶುರು ಮಾಡಿ. ಬೇಟೆಗಾರನ ಹೆಂಡತಿಯನ್ನು ಬಿಟ್ಟುಬಿಡಿ. ಎಂಟುನೂರು ಪದ ದಾಟದಿರಲಿ, ತೂತನ್ನು ಹತ್ತಿರದಿಂದ ತೋರಿಸುವ ಚಿತ್ರವೊಂದು ಜೊತೆಗಿರಲಿ.

ಇಂತಿ,
ಸಂಪಾದಕ