ಹಿಚ್‌ನ ಕಿರ್ರ್ ಸದ್ದಿಗೆ ಗ್ರೀಸ್ ಮದ್ದಲ್ಲ

ಪ್ರಶ್ನೆ: ಎರಡು ತಿಂಗಳ ಹಿಂದೆ ಒಂದು ಹಳೆಯ ಕ್ಯಾರವಾನ್ (ಚಕ್ರದ ಮೇಲಿನ ಪುಟ್ಟ ಮನೆ) ಕೊಂಡೆ. ಕಾರಿಗೆ ಕಟ್ಟಿಕೊಂಡು ನಿಧಾನವಾಗಿ ತಿರುಗಿಸುವಾಗ ಹಿಚ್ (ಕ್ಯಾರವಾನ್ ಮುಂತುದಿಯ ಕೊಂಡಿ) ಕಡೆಯಿಂದ ಕಿರ್ರ್ ಎಂದು ಜೋರಾಗಿ ಸದ್ದು ಬರುತ್ತಿತ್ತು. ನೇರ ರಸ್ತೆಯಲ್ಲಿ ಹೋಗುವಾಗ ಇಲ್ಲ. ಹಿಚ್ ಕೂರುವ ಟೋ ಬಾಲ್‌ಗೆ (ಕಾರಿನ ಹಿಂದಿರುವ ಉಕ್ಕಿನ ಗುಂಡು) ಚೆನ್ನಾಗಿ ಗ್ರೀಸ್ ಬಳಿದೆ, ಸದ್ದು ಪೂರ್ತಿ ನಿಂತಿತು. ಆದರೆ ಈಗ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಕ್ಯಾರವಾನ್ ಮೊದಲಿಗಿಂತ ಜಾಸ್ತಿ ಓಲಾಡುತ್ತದೆ. ಹಿಚ್ ಮೇಲೆ ಎರಡು ಹಿಡಿಕೆಗಳಿವೆ. ಗ್ರೀಸ್‌ಗೂ ಓಲಾಟಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ. ಆ ಗ್ರೀಸ್ ತೆಗೆಯುವವರೆಗೆ ದಯವಿಟ್ಟು ಕ್ಯಾರವಾನ್ ಎಳೆದುಕೊಂಡು ದೂರ ಹೋಗಬೇಡಿ.

ಹಿಚ್ ಮೇಲೆ ಎರಡು ಹಿಡಿಕೆ ಇವೆ ಅಂದರೆ ಅದು ಬಹುತೇಕ ಸ್ಟೆಬಿಲೈಸರ್ (ಓಲಾಟ ತಡೆಯುವ ಏರ್ಪಾಡು) ಇರುವ ಹಿಚ್. ಒಂದು ಹಿಡಿಕೆ ಬಾಲ್ ಅನ್ನು ಕಚ್ಚಿ ಹಿಡಿಯುವುದಕ್ಕೆ. ಇನ್ನೊಂದು, ಸಾಮಾನ್ಯವಾಗಿ ಉದ್ದನೆಯದು, ಒಳಗಿನ ಪ್ಯಾಡ್‌ಗಳನ್ನು ಬಾಲ್‌ಗೆ ಬಲವಾಗಿ ಒತ್ತುವುದಕ್ಕೆ. ಅಲ್-ಕೊ ಕಂಪನಿಯ ಎಕೆಎಸ್ 3004 ಬಗೆಯ ಹಿಚ್‌ನಲ್ಲಿ ಇಂಥ ನಾಲ್ಕು ಪ್ಯಾಡ್‌ಗಳಿರುತ್ತವೆ: ಹಿಂದೊಂದು, ಮುಂದೊಂದು, ಎರಡು ಪಕ್ಕಕ್ಕೆ ಒಂದೊಂದು. ಅವು ಬ್ರೇಕ್ ಪ್ಯಾಡ್ ಇದ್ದ ಹಾಗೆ. ಬಾಲ್ ಮೇಲೆ ಉಜ್ಜಿಕೊಂಡೇ ಕ್ಯಾರವಾನ್ ಓಲಾಡದಂತೆ ತಡೆಯುತ್ತವೆ. ಅಲ್ಲಿಗೆ ಗ್ರೀಸ್ ಬಳಿಯುವುದು ಸೈಕಲ್ಲಿನ ಬ್ರೇಕ್ ರಬ್ಬರಿಗೆ ಎಣ್ಣೆ ಹಚ್ಚಿದ ಹಾಗೆ. ಸದ್ದು ನಿಲ್ಲುತ್ತದೆ ನಿಜ, ಜೊತೆಗೆ ಹಿಡಿತವೂ ಹೋಗುತ್ತದೆ.

ನಿಮ್ಮ ತಪ್ಪೇನೂ ಇಲ್ಲ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುವುದು ನಮಗೆಲ್ಲ ರೂಢಿ ಅಲ್ವಾ? ಪ್ಯಾಡ್ ಇಲ್ಲದ ಸಾದಾ ಹಿಚ್ ಆಗಿದ್ದರೆ ಬಾಲ್‌ಗೆ ಗ್ರೀಸ್ ಹಚ್ಚಲೇಬೇಕು. ನಿಯಮ ಒಂದಕ್ಕೊಂದು ಪೂರ್ತಿ ಉಲ್ಟಾ ಇರುವುದರಿಂದಲೇ ಇಷ್ಟು ಜನ ಎಡವುತ್ತಾರೆ. ಡಬ್ಬಿಗೆ ಕೈ ಹಾಕುವ ಮೊದಲು ಹಿಚ್ ಯಾವ ಬಗೆಯದು ಅಂತ ನೋಡಿಕೊಳ್ಳಿ. ಬೇರೆ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಈಗ ಸರಿಮಾಡುವ ಕೆಲಸ. ಕ್ಯಾರವಾನ್ ಬಿಚ್ಚಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಒಂದು ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿಕೊಂಡು ಬಾಲ್ ಒರೆಸಿ. ಬಟ್ಟೆ ಕಪ್ಪಾಗುತ್ತಾ ಹೋಗುತ್ತದೆ. ಹೊಸ ಬಿಳಿ ಬಟ್ಟೆಯಲ್ಲಿ ಒರೆಸಿದರೂ ಕಲೆ ಬೀಳಬಾರದು, ಅಲ್ಲಿವರೆಗೂ ಒರೆಸಿ. ಆಮೇಲೆ ಬೆಳಕಿನಲ್ಲಿ ಬಾಲ್ ನೋಡಿ. ಕಪ್ಪು ಬಣ್ಣ ಇನ್ನೂ ಪಟ್ಟೆಪಟ್ಟೆಯಾಗಿ ಉಳಿದಿದೆಯೇ? ತುಕ್ಕಿನ ಚುಕ್ಕೆ ಇದೆಯೇ? ಎಷ್ಟೋ ಕಾರುಗಳಲ್ಲಿ ಹೊಸ ಬಾಲ್ ಮೇಲಿನ ಬಣ್ಣವನ್ನು ಯಾರೂ ತೆಗೆದಿರುವುದಿಲ್ಲ. ಆ ಬಣ್ಣ ಸುಲಿದು ಪ್ಯಾಡ್‌ಗೆ ಅಂಟಿಕೊಳ್ಳುತ್ತದೆ, ಕಿರ್ರ್ ಸದ್ದು ಶುರುವಾಗುತ್ತದೆ. ನಿಮ್ಮ ಮೊದಲಿನ ಸದ್ದಿಗೂ ಇದೇ ಕಾರಣ ಇರಬಹುದು ಅಂತ ನನ್ನ ಅಂದಾಜು. ಎಮರಿ ಪೇಪರ್‌ನಿಂದ ಬಣ್ಣ, ತುಕ್ಕು ಎರಡನ್ನೂ ಉಜ್ಜಿ, ಬರೀ ಉಕ್ಕು ಹೊಳೆಯುವ ಹಾಗೆ ಮಾಡಿ. ಪುಡಿ ಒರೆಸಿಬಿಡಿ.

ಹಾಗೆಯೇ ವರ್ನಿಯರ್‌ನಲ್ಲಿ ಬಾಲ್‌ನ ಅಡ್ಡಳತೆ ನೋಡಿ. ಈ ಬಗೆಯ ಹಿಚ್‌ಗೆ ಬೇಕಾದ ಬಾಲ್ 50 ಮಿ.ಮೀ. ಒಂದೇ ಕಡೆ ಅಳೆದರೆ ಸಾಲದು, ಬಾಲ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಎಲ್ಲಾದರೂ 49ಕ್ಕೆ ಇಳಿದಿದ್ದರೆ ಹೊಸದು ಹಾಕಿಸಲೇಬೇಕು. ಸ್ಟೆಬಿಲೈಸರ್ ಹಿಚ್‌ಗಳಿಗೆ ಮಿತಿ ಇನ್ನೂ ಬಿಗಿಯಾಗಿರುತ್ತದೆ. ಹಿಚ್ ಜೊತೆ ಬಂದ ಪುಸ್ತಕದಲ್ಲಿ ಕೊಟ್ಟಿರುವ ಅಳತೆಯನ್ನೇ ನಂಬಿ.

ಇನ್ನು ಪ್ಯಾಡ್. ಟಾರ್ಚ್ ಹಿಡಿದು ಹಿಚ್‌ನ ಒಳಗೆ ಬಗ್ಗಿ ನೋಡಿ. ಪ್ಯಾಡ್‌ನ ಮುಖ ಸ್ಲೇಟಿನ ಹಾಗೆ ನುಣುಪಾಗಿ ಮಿನುಗುತ್ತಿದ್ದರೆ, ಆದರೆ ಜಿಡ್ಡಿಲ್ಲದಿದ್ದರೆ, ಎಮರಿ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ ಒರಟು ಮಾಡಿದರೆ ಸಾಕು. ಆದರೆ ನಿಮ್ಮಲ್ಲಿ ಗ್ರೀಸ್ ಬಿದ್ದು ದಿನಗಳಾಗಿವೆ, ಒಳಗೆ ಹೀರಿಕೊಂಡಿರುತ್ತದೆ. ಮೇಲೆ ಮೇಲೆ ಒರೆಸಿದರೆ ಪ್ರಯೋಜನ ಇಲ್ಲ, ಹಿಚ್ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಆದ್ದರಿಂದ ಪ್ಯಾಡ್‌ಗಳನ್ನು ಒಟ್ಟಿಗೇ ಬದಲಾಯಿಸಿ. ಇದರಲ್ಲಿ ಉಳಿತಾಯ ನೋಡಬೇಡಿ.

ಇಷ್ಟಾದ ಮೇಲೂ ಸದ್ದು ಬಂದರೆ ಮಾತ್ರ ಬೇರೆ ಕಡೆ ಹುಡುಕಬೇಕು. ಖಾಲಿ ಮೈದಾನಕ್ಕೆ ಹೋಗಿ, ನಡಿಗೆಯ ವೇಗದಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ಜೊತೆಗಿರುವವರು ದೂರ ನಿಂತು ಕೇಳಲಿ, ಕಾರಿಗೂ ಕ್ಯಾರವಾನ್‌ಗೂ ನಡುವೆ ಯಾರೂ ಬರಬಾರದು. ಆಮೇಲೆ ಸ್ಟೆಬಿಲೈಸರ್ ಹಿಡಿಕೆಯನ್ನು ಮಾತ್ರ ಎತ್ತಿ. ಬಾಲ್ ಕಚ್ಚಿರುವ ಹಿಡಿಕೆ ಲಾಕ್ ಆಗಿಯೇ ಇರಲಿ, ಹಸಿರು ಗುರುತು ಕಾಣುತ್ತಿರಲಿ. ಮತ್ತೆ ತಿರುಗಿಸಿ. ಸದ್ದು ಹೋಯಿತಾ? ಹಾಗಾದರೆ ಕಾರಣ ಪ್ಯಾಡ್ ಮತ್ತು ಬಾಲ್. ಹೋಗಲಿಲ್ಲವಾ? ಅದು ಬೇರೆ ಕಡೆಯಿಂದ ಬರುತ್ತಿದೆ.

ಬೇರೆ ಕಡೆ ಹುಡುಕುವಾಗ ಕಿವಿಗಿಂತ ಬೆರಳನ್ನು ನಂಬಿ, ಯಾಕೆಂದರೆ ಲೋಹದಲ್ಲಿ ಸದ್ದು ಹರಿದು ಕಿವಿಗೆ ಮೋಸ ಮಾಡುತ್ತದೆ. ಎಂಜಿನ್ ಆಫ್ ಮಾಡಿ, ಎರಡೂ ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ಕಾರಿನ ಡಿಕ್ಕಿ ಹತ್ತಿರ ಒತ್ತಿ ಒತ್ತಿ ಬಿಡಲಿ. ನೀವು ಪಕ್ಕದಲ್ಲಿ ಕೂತು ಒಂದೊಂದೇ ಜೋಡಣೆಯ ಮೇಲೆ ಬೆರಳಿಡಿ. ಬಾಲ್ ಹೊತ್ತಿರುವ ಟೋ ಬಾರ್ ಕಾರಿಗೆ ಸೇರುವ ಬೋಲ್ಟ್‌ಗಳು, ಬಿಚ್ಚಿ ಹಾಕುವ ಟೋ ಬಾರ್ ಆದರೆ ಅದರ ಕುತ್ತಿಗೆ, ಕ್ಯಾರವಾನ್ ಮುಂಭಾಗಕ್ಕೆ ಆಸರೆಯಾಗುವ ಜಾಕಿ ಚಕ್ರದ ಕ್ಲಾಂಪ್, ಹಿಚ್ ಫ್ರೇಮಿಗೆ ಕೂರುವ ಜಾಗ. ಸಡಿಲ ಇರುವ ಕಡೆ ಬೆರಳಿಗೆ ಸಣ್ಣ ಅದುರು ತಿಳಿಯುತ್ತದೆ. ಬೋಲ್ಟ್ ತಲೆಯ ಸುತ್ತ ನಯವಾದ ಕೆಂಪು ಪುಡಿ ಕಂಡರೆ ಆ ಬೋಲ್ಟ್ ಅಲುಗಾಡುತ್ತಿದೆ ಅಂತಲೇ ಅರ್ಥ. ಸುಮ್ನೆ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಬೇಡಿ, ಕಂಪನಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಲ್ಲೇ ಮಾಡಿಸಿ.

ಓಲಾಟಕ್ಕೆ ಗ್ರೀಸ್ ಒಂದೇ ಕಾರಣ ಅಂತ ಬಿಟ್ಟುಬಿಡಬೇಡಿ. ಟಯರ್ ಗಾಳಿ ನೋಡಿ. ಹಿಚ್ ಮೇಲೆ ಬೀಳುವ ತೂಕವನ್ನೂ ನೋಡಿ. ಈ ಬಗೆಯ ಕ್ಯಾರವಾನ್‌ಗೆ ಸಾಮಾನ್ಯವಾಗಿ ಸಾಮಾನು ತುಂಬಿದ ತೂಕದ ಶೇ 5ರಿಂದ 7 ಇರಬೇಕು. 1,200 ಕೆ.ಜಿ. ಆದರೆ 60ರಿಂದ 84 ಕೆ.ಜಿ. ಕಾರು ಮತ್ತು ಹಿಚ್ ತಡೆಯುವ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಆ ಮಿತಿ ದಾಟಬಾರದು. ಹಿಂಭಾಗದಲ್ಲಿ ಭಾರ ತುಂಬಿದರೆ ಎಂಥ ಒಳ್ಳೆಯ ಪ್ಯಾಡ್ ಇದ್ದರೂ ಓಲಾಟ ತಪ್ಪುವುದಿಲ್ಲ.

ಪ್ರಶ್ನೆ: ನಮ್ಮದರಲ್ಲಿ ಕಿರ್ರ್ ಇಲ್ಲ. ಬ್ರೇಕ್ ಹಾಕಿದಾಗ, ಮತ್ತೆ ಹೊರಟಾಗ ಠಕ್ ಎಂದು ಹೊಡೆದ ಹಾಗೆ ಸದ್ದು ಬರುತ್ತದೆ. ಇದೂ ಪ್ಯಾಡಿನದೇ?

ಉತ್ತರ: ಅಲ್ಲ. ಇದು ಹಿಚ್‌ನ ಹಿಂದಿರುವ ತಳ್ಳುದಂಡದ ಸದ್ದು. ಕಾರು ನಿಧಾನವಾದಾಗ ಕ್ಯಾರವಾನ್ ಮುಂದಕ್ಕೆ ತಳ್ಳುತ್ತದೆ, ದಂಡ ಒಳಗೆ ಸರಿಯುತ್ತದೆ, ಅದರಿಂದಲೇ ಕ್ಯಾರವಾನ್‌ನ ಬ್ರೇಕ್ ಹಿಡಿಯುತ್ತದೆ. ದಂಡ ಒಮ್ಮೆಲೇ ನುಗ್ಗದಂತೆ ಒಳಗೊಂದು ಡ್ಯಾಂಪರ್ ಇದೆ. ಕ್ಯಾರವಾನ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಹಿಚ್ ಅನ್ನು ಒಳಕ್ಕೆ ಜೋರಾಗಿ ತಳ್ಳಿ ನೋಡಿ. ಬಿಗಿಯಾಗಿ ತಡೆದು, ಬಿಟ್ಟಾಗ ತಾನೇ ನಿಧಾನವಾಗಿ ಹೊರಗೆ ಬಂದರೆ ಡ್ಯಾಂಪರ್ ಚೆನ್ನಾಗಿದೆ. ಸಲೀಸಾಗಿ ಒಳಗೆ ಹೋದರೆ ಅದರ ಆಯುಸ್ಸು ಮುಗಿದಿದೆ, ವರ್ಕ್‌ಶಾಪ್‌ಗೆ ಕೊಡಿ.

ಗ್ರೀಸ್ ಹಾಕಬೇಕಾದ ಜಾಗ ಇಲ್ಲಿದೆ ನೋಡಿ. ದಂಡ ಸರಿಯುವ ಕೊಳವೆಯ ಮೇಲೆ ಗ್ರೀಸ್ ನಿಪ್ಪಲ್‌ಗಳಿವೆ, ಗ್ರೀಸ್ ಗನ್‌ನಿಂದ ತುಂಬಿ. ಮುಂದಿನ ರಬ್ಬರ್ ಗವಸು ಹರಿದಿದ್ದರೆ ನೀರು ಒಳಗೆ ಹೋಗುತ್ತದೆ, ಅದನ್ನೂ ಬದಲಾಯಿಸಿ. ಹೊರಗೆ ಉಕ್ಕಿ ಬಂದ ಗ್ರೀಸನ್ನು ತಕ್ಷಣ ಒರೆಸಿ, ಬಾಲ್ ಮತ್ತು ಪ್ಯಾಡ್ ಅಲ್ಲೇ ಒಂದು ಗೇಣು ದೂರದಲ್ಲಿವೆ.

ಪ್ರಶ್ನೆ: ಮಳೆ ಬಂದ ಮರುದಿನ ಬೆಳಿಗ್ಗೆ ಮಾತ್ರ ಕಿರ್ರ್ ಅನ್ನುತ್ತದೆ. ಸ್ವಲ್ಪ ದೂರ ಹೋದರೆ ನಿಲ್ಲುತ್ತದೆ. ರಿಪೇರಿ ಬೇಕೇ?

ಉತ್ತರ: ಬೇಡ. ಬರೀ ಉಕ್ಕಿನ ಬಾಲ್ ಮೇಲೆ ರಾತ್ರಿ ಬೆಳಗಾಗುವುದರೊಳಗೆ ತೆಳ್ಳನೆ ತುಕ್ಕು ಕೂರುತ್ತದೆ. ನಾಲ್ಕಾರು ತಿರುವು ದಾಟುವಷ್ಟರಲ್ಲಿ ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ. ಬಿಚ್ಚಿಟ್ಟಾಗ ಬಾಲ್‌ಗೊಂದು ಪ್ಲಾಸ್ಟಿಕ್ ಟೋಪಿ ಹಾಕಿಡಿ. ಟೋಪಿಯ ಒಳಗೆ ಹಳೆಯ ಗ್ರೀಸ್ ಇಲ್ಲ ಅಂತ ಮೊದಲು ಬೆರಳು ಹಾಕಿ ನೋಡಿಕೊಳ್ಳಿ.