ನರ್ಸಿಂಗ್ ಮೊದಲ ವರ್ಷದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡೋಕೆ ಯಾವ ಗೈಡ್ ಒಳ್ಳೇದು?

ಕನ್ನಡ ಮೀಡಿಯಂನಿಂದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಬಂದಿದ್ದೀರಿ, ವಾರ್ಡ್ ಪೋಸ್ಟಿಂಗ್ ಶುರುವಾಗೋ ಮೊದಲು ಪದಗಳ ಪಟ್ಟಿ ಪೂರ್ತಿ ಬಾಯಿಗೆ ಬರಬೇಕು ಅಂತೀರಿ. ನಾನೂ ಅದೇ ದಾರೀಲಿ ಬಂದವಳು. ಯಾವ ಗೈಡೂ ಬೇಡ, ಆ ಪಟ್ಟಿ ಪಕ್ಕಕ್ಕಿಡಿ.

ಪದ ಗೊತ್ತಿಲ್ಲದಿದ್ದರೆ ವಾರ್ಡ್‌ನಲ್ಲಿ ಏನೂ ಮುಳುಗಲ್ಲ, ಸಿಸ್ಟರ್‌ನ ಕೇಳಿದರೆ ಹೇಳ್ತಾರೆ. ಪದ ಗೊತ್ತಿದ್ದು ಅಳೆಯದೆ ಬರೆಯೋದಿದೆಯಲ್ಲ, ಅದು ಅಪಾಯ. ವಿದ್ಯಾರ್ಥಿಗಳು ತುಂಬಿದ ಟಿಪಿಆರ್ ಚಾರ್ಟ್‌ಗಳನ್ನು ಒಮ್ಮೆ ಸಾಲಾಗಿ ನೋಡಿ. ಟೆಂಪರೇಚರ್ ಒಬ್ಬೊಬ್ಬರದು ಒಂದೊಂದು, ಪಲ್ಸ್ ಒಂದೊಂದು. ರೆಸ್ಪಿರೇಷನ್, ಅಂದರೆ ನಿಮಿಷಕ್ಕೆ ಎಷ್ಟು ಉಸಿರು ಅನ್ನೋದು ಮಾತ್ರ ಎಲ್ಲರದ್ದೂ 20. ಯಾರೂ ಎಣಿಸಿಲ್ಲ ಅಂತ ಅರ್ಥ.

ಇದನ್ನೇ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ರೋಗಿ ಕೆಡ್ತಾ ಹೋಗುವಾಗ ಹೆಚ್ಚಿನ ಸಲ ಮೊದಲು ಏರೋದು ಉಸಿರಾಟದ ಲೆಕ್ಕ. ಸೋಂಕು ರಕ್ತಕ್ಕೆ ಹರಡ್ತಿರಲಿ, ಒಳಗೆ ರಕ್ತ ಸೋರ್ತಿರಲಿ, ದೇಹ ಜೋರಾಗಿ ಉಸಿರಾಡಿ ಸರಿದೂಗಿಸುತ್ತೆ. ಆ ಶ್ರಮದಿಂದಲೇ ಆಕ್ಸಿಮೀಟರ್ ಇನ್ನೂ 96 ತೋರಿಸ್ತಿರುತ್ತೆ. ಬಿಪಿ ಬೀಳೋದು ತೀರಾ ತಡವಾಗಿ. ಆ ಹೊತ್ತಿಗೆ ಚಾರ್ಟ್‌ನಲ್ಲಿ ಬೆಳಿಗ್ಗೆಯಿಂದ 20, 20 ಅಂತಲೇ ಇದ್ದರೆ ಡಾಕ್ಟರಿಗೆ ಏರಿಕೆ ಕಾಣೋದೇ ಇಲ್ಲ.

ಎಣಿಸೋದು ಹೀಗೆ. ಮಣಿಕಟ್ಟಿನಲ್ಲಿ ಪಲ್ಸ್ ಎಣಿಸಿ ಮುಗಿದ ಮೇಲೂ ಬೆರಳು ತೆಗೀಬೇಡಿ. ‘ಈಗ ಉಸಿರು ಎಣಿಸ್ತೀನಿ’ ಅಂದ ತಕ್ಷಣ ಯಾರ ಉಸಿರಾದರೂ ಬದಲಾಗುತ್ತೆ, ಅದಕ್ಕೆ ಹೇಳಲೇಬೇಡಿ. ಎದೆ ಮೇಲೇರಿ ಕೆಳಗಿಳಿದರೆ ಒಂದು. ಪೂರ್ತಿ 60 ಸೆಕೆಂಡ್. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತೆ. ದೊಡ್ಡವರಿಗೆ 12ರಿಂದ 20 ಸರಿ. 2ರಿಂದ 12 ತಿಂಗಳ ಮಗುವಿಗೆ 50 ಮುಟ್ಟಿದರೆ, 1ರಿಂದ 5 ವರ್ಷದ ಮಗುವಿಗೆ 40 ಮುಟ್ಟಿದರೆ ಅದು ವೇಗದ ಉಸಿರಾಟ. ಕೆಮ್ಮಿರೋ ಮಗುವಾದರೆ ನ್ಯುಮೋನಿಯಾ ಇರಬಹುದು ಅಂತ ತಕ್ಷಣ ತಿಳಿಸಬೇಕು. ಅಳ್ತಿರೋ ಮಗುವನ್ನು ಮಾತ್ರ ಎಣಿಸೋಕೆ ಹೋಗಬೇಡಿ, ಸುಮ್ಮನಾಗೋವರೆಗೆ ಕಾಯಿರಿ.

ಹೀಗೆ ಎಣಿಸ್ತಾ ಹೋದರೆ ನಿಮ್ಮ ಪಟ್ಟಿಯ ಪದಗಳು ತಾವಾಗೇ ಬರ್ತವೆ. 20 ದಾಟಿದರೆ ಟ್ಯಾಕಿಪ್ನಿಯಾ, 12ಕ್ಕಿಂತ ಇಳಿದರೆ ಬ್ರ್ಯಾಡಿಪ್ನಿಯಾ. ಮಾರ್ಫಿನ್ ಅನ್ನೋ ನೋವಿನ ಮದ್ದು ಉಸಿರನ್ನು ನಿಧಾನ ಮಾಡುತ್ತೆ, ಅದನ್ನು ಕೊಟ್ಟವರಲ್ಲಿ ಈ ಇಳಿಕೆಯನ್ನು ಕಾಯ್ತಾ ಇರಬೇಕು. ಮಲಗಿದರೆ ಉಸಿರು ಕಟ್ಟುತ್ತೆ, ಎದ್ದು ಕೂತರೆ ಸಲೀಸು ಅಂದರೆ ಆರ್ಥೋಪ್ನಿಯಾ. ‘ರಾತ್ರಿ ಎಷ್ಟು ದಿಂಬು ಬೇಕಜ್ಜಾ?’ ಅಂತ ಕೇಳಿ, ಉತ್ತರ ಹಾಗೇ ಬರೀರಿ. ಸಕ್ಕರೆ ಕಾಯಿಲೆಯವರು ಆಳವಾಗಿ, ಬಿಡುವಿಲ್ಲದೆ ಉಸಿರಾಡ್ತಿದ್ದು ಬಾಯಿಂದ ಹಣ್ಣಿನ ವಾಸನೆ ಬಂದರೆ ಅದು ಕುಸ್‌ಮಾಲ್ ಉಸಿರಾಟ, ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರೋದು) ಇರಬಹುದು. ಉಸಿರು ಮೆಲ್ಲಗೆ ಏರಿ, ಇಳಿದು, ಸ್ವಲ್ಪ ಹೊತ್ತು ನಿಂತೇ ಹೋಗಿ ಮತ್ತೆ ಶುರುವಾದರೆ ಚೇನ್-ಸ್ಟೋಕ್ಸ್. ಇದನ್ನು 15 ಸೆಕೆಂಡ್ ಎಣಿಸಿದವರಿಗೆ ಒಮ್ಮೆ ಸೊನ್ನೆ ಸಿಗುತ್ತೆ, ಒಮ್ಮೆ 40!

ಬಿಪಿಯಲ್ಲೂ ಹೀಗೇ ಮೋಸ ಹೋಗೋ ಜಾಗ ಒಂದಿದೆ. ಸ್ಟೆತಸ್ಕೋಪ್ ಇಡೋ ಮೊದಲು ಮಣಿಕಟ್ಟಿನ ಪಲ್ಸ್ ಹಿಡಿದು ತೋಳಿಗೆ ಸುತ್ತಿದ ಪಟ್ಟಿ, ಅಂದರೆ ಕಫ್ ಉಬ್ಬಿಸಿ. ಪಲ್ಸ್ ಎಲ್ಲಿ ಮಾಯವಾಗುತ್ತೋ ಆ ಅಂಕಿ ನೆನಪಿಟ್ಟುಕೊಂಡು ಗಾಳಿ ಪೂರ್ತಿ ಬಿಡಿ. ಒಂದು ನಿಮಿಷ ಬಿಟ್ಟು, ಸ್ಟೆತಸ್ಕೋಪ್ ಇಟ್ಟು, ಆ ಅಂಕಿಗಿಂತ 30 ಮೇಲೆ ಏರಿಸಿ, ಸೆಕೆಂಡಿಗೆ 2–3 ಎಂಎಂನಂತೆ ಇಳಿಸಿ. ಕೆಲವು ಬಿಪಿ ರೋಗಿಗಳಲ್ಲಿ ಶಬ್ದ 190ಕ್ಕೆ ಶುರುವಾಗಿ 170ಕ್ಕೆ ನಿಂತು, 140ಕ್ಕೆ ಮತ್ತೆ ಕೇಳುತ್ತೆ. ನೀವು ನೇರವಾಗಿ 160ಕ್ಕೆ ಉಬ್ಬಿಸಿದ್ದರೆ 140 ಅಂತ ಬರೆದು ಮುಂದಿನ ಬೆಡ್‌ಗೆ ಹೋಗಿರ್ತೀರಿ. ಕಫ್ ಚಿಕ್ಕದಾದರೆ ಬಿಪಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ, ಅದೂ ಗಮನದಲ್ಲಿರಲಿ.

ಆಲಿಗೂರಿಯಾ ಅಂದರೆ ಮೂತ್ರ ಕಡಿಮೆ ಅಂತ ಉರು ಹೊಡೆದರೆ ಉಪಯೋಗವಿಲ್ಲ. ದೊಡ್ಡವರಲ್ಲಿ 24 ಗಂಟೆಗೆ 400 ಎಂಎಲ್‌ಗಿಂತ ಕಡಿಮೆ. ಆದರೆ ಯಾರೂ 24 ಗಂಟೆ ಕಾಯ್ತಾ ಕೂರಲ್ಲ. ಕೆ.ಜಿ.ಗೆ ಗಂಟೆಗೆ ಕನಿಷ್ಠ ಅರ್ಧ ಎಂಎಲ್ ಬರಬೇಕು, ಅಂದರೆ 60 ಕೆ.ಜಿ. ತೂಕದವರಿಗೆ ಗಂಟೆಗೆ 30. ‘ಯೂರಿನ್ ಕಮ್ಮಿ ಇದೆ ಸಿಸ್ಟರ್’ ಅನ್ನೋ ಬದಲು ‘ಎರಡು ಗಂಟೆಗೆ 35 ಎಂಎಲ್ ಬಂದಿದೆ’ ಅನ್ನಿ, ಆಗ ಎದ್ದು ಬರ್ತಾರೆ.

ಬಾಯಿಪಾಠ ಮಾಡಲೇಬೇಕಾದ್ದು ಔಷಧಿಯ ಸಂಕ್ಷೇಪಗಳು ಮಾತ್ರ: ಬಿಡಿ ದಿನಕ್ಕೆರಡು, ಟಿಡಿಎಸ್ ಮೂರು, ಎಚ್‌ಎಸ್ ಮಲಗುವಾಗ, ಸ್ಟ್ಯಾಟ್ ಈಗಲೇ. ಅದರಲ್ಲೂ ಓಡಿ ಅಂದರೆ ದಿನಕ್ಕೊಮ್ಮೆ; ಕಣ್ಣಿನ ವಾರ್ಡ್‌ನಲ್ಲಿ ಅದೇ ಓಡಿ ಬಲಗಣ್ಣು. ಅನುಮಾನ ಬಂದರೆ ಕೇಳಿ, ಊಹೆ ಮಾಡಬೇಡಿ.

ಇನ್ಸುಲಿನ್‌ನಲ್ಲಂತೂ ‘ಯೂನಿಟ್’ ಪದದ ಅರ್ಥ ಗೊತ್ತಿದ್ದರೆ ಸಾಲದು. ನಮ್ಮಲ್ಲಿ ವಯಲ್ (ಔಷಧಿ ಸೀಸೆ) ಎಂಎಲ್‌ಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗೋದು 20 ಅಲ್ಲ, 50 ಯೂನಿಟ್. ಅದಲುಬದಲಾಗಿ 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜ್‌ನಲ್ಲಿ ಅದೇ ಗೆರೆವರೆಗೆ ಎಳೆದರೆ ಬರೀ 8. ಮುಚ್ಚಳ ತೆಗೆದು ಟ್ರೇಯಲ್ಲಿಟ್ಟ ಸಿರಿಂಜ್ ಸಿಕ್ಕರೆ ಬಣ್ಣ ನೋಡೋಕಾಗಲ್ಲ, ಸಿರಿಂಜ್ ಮೈಮೇಲಿನ ಅಕ್ಷರವನ್ನೂ ವಯಲ್ ಲೇಬಲನ್ನೂ ಓದಿ, ಚುಚ್ಚೋ ಮೊದಲು ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ.