ಎಂ14 ಮಾದರಿಯ ಅರೆ-ಸ್ವಯಂಚಾಲಿತ ರೈಫಲಿಗೆ ಎಂಥ ರಿಸೀವರ್ ಆರಿಸಬೇಕು?

ಅಮೆರಿಕದ ಸೇನೆ 1957ರಲ್ಲಿ ಅಂಗೀಕರಿಸಿದ ಎಂ14 ರೈಫಲಿನ ನಾಗರಿಕ ಮಾದರಿಗೆ ಎರಕದ ರಿಸೀವರ್ (ನಳಿಗೆ, ಬೋಲ್ಟುಗಳನ್ನು ಹಿಡಿದಿಡುವ ಮುಖ್ಯ ಚೌಕಟ್ಟು) ಸಾಕೇ, ಫೋರ್ಜಿಂಗ್ (ಕಾಯಿಸಿದ ಉಕ್ಕನ್ನು ಬಡಿದು, ಒತ್ತಿ ರೂಪಿಸುವುದು) ಮಾಡಿದ್ದೇ ಬೇಕೇ ಎಂದು ಕೇಳಿದ್ದೀರಿ. ಮೂಲ ಸೇನಾ ರಿಸೀವರ್‌ಗಳನ್ನು 8620 ಎಂಬ ದರ್ಜೆಯ ಉಕ್ಕಿನಿಂದ ಫೋರ್ಜಿಂಗ್ ಮಾಡಿ, ಮೇಲ್ಪದರವನ್ನು ಗಡಸುಗೊಳಿಸಿ, ಒಳಭಾಗವನ್ನು ಆಘಾತ ತಾಳುವಷ್ಟು ಮಿದುವಾಗಿ ಉಳಿಸಲಾಗುತ್ತಿತ್ತು. ಆದರೆ ಫೋರ್ಜಿಂಗ್ ಒಂದೇ ರಕ್ಷೆಯಲ್ಲ: ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ, ಹಿಂದಿನ 1903 ಮಾದರಿಯ ರೈಫಲುಗಳಲ್ಲಿ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ಕೆಲವು ರಿಸೀವರ್‌ಗಳು, ಫೋರ್ಜಿಂಗ್ ಆದವೇ ಆಗಿದ್ದರೂ, ಉಕ್ಕು ಅತಿಯಾಗಿ ಕಾದು ಪೆಡಸಾದ್ದರಿಂದ ಒಡೆದಿದ್ದವು. ಆದ್ದರಿಂದ ಉಕ್ಕಿನ ದರ್ಜೆಯನ್ನೂ ಉಷ್ಣೋಪಚಾರವನ್ನೂ (ಕಾಯಿಸಿ ತಣಿಸಿ ಗಡಸುತನ ಹೊಂದಿಸುವ ಕ್ರಮ) ಮೊದಲು ವಿಚಾರಿಸಿ. ಇವು ಸರಿಯಿದ್ದರೆ ಎರಕದ್ದೂ ಬಾಳಿಕೆ ಬರುತ್ತದೆ. ಬಳಿಕ ಬೋಲ್ಟಿನ (ಗುಂಡಿನ ಕೋಣೆಯನ್ನು ಹಿಂದಿನಿಂದ ಮುಚ್ಚುವ ಭಾಗ) ಎರಡೂ ಲಗ್‌ಗಳು, ಅಂದರೆ ಅದನ್ನು ಬಿಗಿಹಿಡಿಯುವ ಮುಂಚಾಚುಗಳು, ಸಮನಾಗಿ ಕೂರುತ್ತವೆಯೇ, ಎಡಬದಿಯಲ್ಲಿ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕೂರಿಸುವ ಮೌಂಟಿನ ತೋಡು ನೇರವಾಗಿದೆಯೇ ಎಂದು ನೋಡಿ, ಹೆಡ್‌ಸ್ಪೇಸನ್ನು (ಬೋಲ್ಟಿನ ಮುಖದಿಂದ, ಕೋಣೆಯೊಳಗೆ ತೋಟೆ ತಡೆದು ನಿಲ್ಲುವ ಜಾಗದವರೆಗಿನ ಅಂತರ) ನುರಿತ ಗನ್‌ಸ್ಮಿತ್‌ರಿಂದ ಗೇಜಿನಲ್ಲಿ ಅಳೆಸಿಯೇ ಬಳಸಿ.